ಇಂದಿನ ಚಿಂತನೆ: ಬಲ ತಗ್ಗಿದ ಹೊಡೆತ





ಗೋಣಿಬೀಡಿನಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ತೋಟದ ಕೆಲಸ ನಿಂತಿತ್ತು. ಪಿಯುಸಿ ಓದುವ ನಮ್ಮ ಅಕ್ಕನ ಮಗ ಮೊಬೈಲು ಪಕ್ಕಕ್ಕಿಟ್ಟು, ಮುಖ ಊದಿಸಿಕೊಂಡು ಕೂತಿದ್ದ. ಏನಾಯ್ತೋ ಅಂದೆ.

"ನರ್ಫ್ ಮಾಡ್ಬಿಟ್ರು ಮಾವ. ನನ್ನ ಅಪ್ಪರ್‌ಕಟ್ ಹಾಳು ಮಾಡ್ಬಿಟ್ರು."

ಅವನು ಆಡುವುದು ಇಬ್ಬರು ಎದುರುಬದುರು ನಿಂತು ಕಾದಾಡುವ ಫೈಟಿಂಗ್ ಗೇಮ್. ಅವನ ಆಟಗಾರನಿಗೆ ನೆಗೆದು ಹೊಡೆಯುವ ಒಂದು ಅಪ್ಪರ್‌ಕಟ್ ಇದೆ. ಮೊದಲು ಅದನ್ನು ಎದುರಾಳಿ ತಡೆದರೂ ಇವನಿಗೆ ತೊಂದರೆ ಇರಲಿಲ್ಲ. ಹಾಗಾಗಿ ಹಿಂದೆ ಮುಂದೆ ನೋಡದೆ ಅದನ್ನೇ ಹೊಡೆದು ಗೆಲ್ಲುತ್ತಿದ್ದ. ಹೊಸ ಅಪ್‌ಡೇಟ್ ಬಂದಮೇಲೆ, ಆ ಹೊಡೆತವನ್ನು ಎದುರಾಳಿ ತಡೆದರೆ ಇವನು ಒಂದು ಕ್ಷಣ ಮೈ ಬಿಟ್ಟು ನಿಲ್ಲಬೇಕು. ಅಷ್ಟರಲ್ಲಿ ಅವರು ಬಾರಿಸುತ್ತಾರೆ. ಹೀಗೆ ಬಲ ತಗ್ಗಿಸುವುದಕ್ಕೆ ಆಟದವರ ಭಾಷೆಯಲ್ಲಿ ನರ್ಫ್ ಎನ್ನುತ್ತಾರಂತೆ.

ಮೂರು ದಿನ ಹಳೇ ರೀತಿಯಲ್ಲೇ ಆಡಿದ, ಸೋತ, ಕಂಪನಿಯವರನ್ನು ಬೈದ. ನಾಲ್ಕನೇ ದಿನ ಅಭ್ಯಾಸದ ಕೋಣೆಗೆ ಹೋಗಿ ಒಬ್ಬನೇ ಕೂತು, ನಿಜಕ್ಕೂ ಕಳೆದದ್ದು ಏನು ಎಂದು ನೋಡತೊಡಗಿದ. ಕಳೆದದ್ದು ಒಂದೇ: ತಡೆದಾಗಿನ ರಕ್ಷಣೆ. ಹಾರಿ ಮೇಲೆ ಬೀಳುವವನನ್ನು ಕೆಡವುವ ಶಕ್ತಿ ಹಾಗೇ ಇತ್ತು. ಅಂದಿನಿಂದ ಎದುರಾಳಿ ಹಾರುವವರೆಗೆ ಕಾಯತೊಡಗಿದ. ಇನ್ನೊಂದನ್ನೂ ಕಂಡುಕೊಂಡ. ಇವನು ಅಪ್ಪರ್‌ಕಟ್ ಹೊಡೆಯಲಿ, ತಡೆದು ಬಾರಿಸೋಣ ಎಂದು ಎದುರಿನವರು ಕೈ ಅಡ್ಡ ಹಿಡಿದೇ ನಿಲ್ಲುತ್ತಿದ್ದರು. ಕೈ ಅಡ್ಡ ಹಿಡಿದವನನ್ನು ಹೊಡೆಯಲಾಗದು, ಆದರೆ ಹಿಡಿದು ಎಸೆಯಬಹುದು. "ಹೊಡೀದೇ ಇದ್ರೂ ಅದು ಕೆಲ್ಸ ಮಾಡುತ್ತೆ ಮಾವ" ಎಂದ. ನನಗೆ ಖುಷಿಯಾಯಿತು.

ಇದನ್ನು ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಹೇಳಿದೆ. ಸಮ್ಮಾ ವಾಯಾಮ, ಅಂದರೆ ಸರಿಯಾದ ಪ್ರಯತ್ನಕ್ಕೆ ಇದೊಂದು ಒಳ್ಳೆಯ ಉದಾಹರಣೆ ಎಂದೆ. ಹುಟ್ಟಿದ ಕೋಪವನ್ನು ಬಿಟ್ಟ, ಉಳಿದ ಕುಶಲವನ್ನು ಕಾಪಾಡಿಕೊಂಡ, ಇಲ್ಲದ ಕುಶಲವನ್ನು ಹುಟ್ಟಿಸಿಕೊಂಡ.

ಹಿಂದೆ ಕೂತಿದ್ದ ದೊಡ್ಡಮ್ಮ ಒಬ್ಬರು, ಜೀವಮಾನವೆಲ್ಲ ಎಸ್ಟೇಟಿನ ಲೈನ್ ಮನೆಯಲ್ಲಿ ಕಳೆದವರು, ಎದ್ದು ಕೇಳಿದರು: "ಮೊಂಡು ಕತ್ತಿ ಕೊಟ್ಟು, ಇದ್ರಲ್ಲೇ ಸೌದೆ ಕಡಿ, ಜಾಣೆ ಅನ್ನಿಸ್ಕೋ ಅಂತ ನಮ್ಗೆ ಯಾವಾಗ್ಲೂ ಹೇಳ್ಕೊಂಡೇ ಬಂದವ್ರೆ. ನೀನೂ ಅದ್ನೇ ಹೇಳ್ತೀಯಾ ಮಗ?"

ಬಂಧುಗಳೇ, ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವರ ಪ್ರಶ್ನೆಯೇ ಇಂದಿನ ಚಿಂತನೆ. ಕುಗ್ಗಿಸಿದ್ದನ್ನು ಜಾಣ್ಮೆಯಿಂದ ಬಳಸುವುದು ವಿವೇಕವೋ, ಶರಣಾಗತಿಯೋ?

ಮೊದಲು, ಆಟಕ್ಕೂ ನಮ್ಮ ಬದುಕಿಗೂ ಇರುವ ವ್ಯತ್ಯಾಸ ನೋಡೋಣ. ಆಟದಲ್ಲಿ ಸಾಮಾನ್ಯವಾಗಿ ತಗ್ಗಿಸುವುದು ಎಲ್ಲರನ್ನೂ ಮೀರಿದವನ ಬಲವನ್ನು. ಸ್ಟ್ರೀಟ್ ಫೈಟರ್ ಎಂಬ ಹೆಸರಾಂತ ಆಟದಲ್ಲಿ ಸಾಗಟ್ ಎಂಬ ಥಾಯ್ ಹೋರಾಟಗಾರ ಇದ್ದಾನೆ. ಅದರ ನಾಲ್ಕನೇ ಭಾಗದಲ್ಲಿ ಅವನದೇ ಮೇಲುಗೈ ಆಗಿತ್ತು. 2010ರ ಹೊಸ ಆವೃತ್ತಿಯಲ್ಲಿ ಉಳಿದವರಿಗೂ ಅವಕಾಶ ಸಿಗಲಿ ಎಂದು ಅವನ ಬಲ ಇಳಿಸಿದರು. ಇಳಿಸಿದ್ದು ಯಾರು, ಎಷ್ಟು ಎಂಬುದು ಎಲ್ಲರಿಗೂ ಗೊತ್ತು. ಜಾತಿ ಮಾಡಿದ್ದು ಇದರ ತಿರುವುಮುರುವು. ಬಲವಿಲ್ಲದವರ ಕೈಯಿಂದಲೇ ಭೂಮಿ, ಅಕ್ಷರ, ನೀರು ಕಿತ್ತುಕೊಂಡಿತು. ಕಿತ್ತ ಕೈ ಕಾಣದಂತೆ, ಅದು ಹಿಂದಿನ ಜನ್ಮದ ಕರ್ಮ ಎಂದು ಹೇಳಿತು. ಆ ಕರ್ಮದ ವಾದವನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಆದ್ದರಿಂದ ದೊಡ್ಡಮ್ಮನ ಸಿಟ್ಟು ನ್ಯಾಯವಾದದ್ದು.

ಹಾಗಾದರೆ ಮೊಂಡು ಕತ್ತಿಯನ್ನು ಬಿಸಾಡಬೇಕೇ? ಬಾಬಾಸಾಹೇಬರು ಏನು ಮಾಡಿದರು ನೋಡಿ.

1932ರ ಆಗಸ್ಟ್‌ನಲ್ಲಿ ನಮ್ಮವರಿಗೆ ಪ್ರತ್ಯೇಕ ಮತಕ್ಷೇತ್ರ ಘೋಷಣೆಯಾಯಿತು. ನಮ್ಮ ಪ್ರತಿನಿಧಿಯನ್ನು ನಾವೇ ಆರಿಸುವ ಮತ ಒಂದು, ಸಾಮಾನ್ಯ ಕ್ಷೇತ್ರದಲ್ಲಿ ಇನ್ನೊಂದು ಮತ. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದವಾಯಿತು. ಪ್ರತ್ಯೇಕ ಮತಕ್ಷೇತ್ರ ಹೋಯಿತು. ಮೀಸಲು ಸ್ಥಾನ 148 ಬಂದರೂ ಕೊನೆಯ ಆಯ್ಕೆ ಎಲ್ಲರ ಮತದ ಮೇಲೆ ನಿಂತಿತು. ಇದಕ್ಕಿಂತ ದೊಡ್ಡ ನರ್ಫ್ ನಮ್ಮ ಚರಿತ್ರೆಯಲ್ಲಿ ಯಾವುದು?

ಅವರು ಕೈ ಕಟ್ಟಿ ಕೂರಲಿಲ್ಲ. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1937ರಲ್ಲಿ ಮುಂಬೈ ಶಾಸನಸಭೆಗೆ ಗೆದ್ದು ಹೋಗಿ, ಅದೇ ವರ್ಷ ಕೊಂಕಣದ ಖೋತಿ ಜಮೀನ್ದಾರಿ ಪದ್ಧತಿ ರದ್ದಾಗಬೇಕೆಂದು ಮಸೂದೆ ಮಂಡಿಸಿದರು. ಉಳಿದ ಅಲಗನ್ನು ಹಾಗೆ ಬಳಸಿದರು. ಆದರೆ ಆ ಒಪ್ಪಂದ ಸರಿಯಿತ್ತು ಎಂದು ಒಪ್ಪಿದರೇ? ಇಲ್ಲ. 1945ರ ಪುಸ್ತಕದಲ್ಲಿ ಅದನ್ನು ಕಟುವಾಗಿ ಟೀಕಿಸಿದರು. 1947ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಬೇಡಿಕೆಯನ್ನು ಮತ್ತೆ ಮುಂದಿಟ್ಟರು. ಬಳಸಿದರು, ಆದರೆ ಒಪ್ಪಲಿಲ್ಲ. ಉತ್ತರ ಇಲ್ಲೇ ಇದೆ.

ನಮ್ಮ ಕಾಲದಲ್ಲೂ ಹೀಗೇ ಆಯಿತು. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನು ಪರರ ಪಾಲಾದರೆ ಮರಳಿ ಕೊಡಿಸಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ಮಲೆನಾಡಿನ ನಮಗೆ ಅದರ ಬೆಲೆ ಹೇಳಬೇಕಾಗಿಲ್ಲ. ಅರ್ಜಿ ಹಾಕಲು ಇಷ್ಟೇ ವರ್ಷ ಎಂಬ ಗಡುವು ಕಾಯ್ದೆಯಲ್ಲಿ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು, ಸಮಂಜಸ ಕಾಲದೊಳಗೆ ಬರಬೇಕು ಎಂದಿತು. ತಡವಾಯಿತು ಎಂಬ ಒಂದೇ ಮಾತಿಗೆ ಎಷ್ಟೋ ಅರ್ಜಿಗಳು ಬಿದ್ದವು. ಆಗ ಕೆಲವರು, ಇನ್ನು ಆ ಕಾಯ್ದೆ ಸತ್ತಿತು ಎಂದರು. ಅದು ಸತ್ತಿರಲಿಲ್ಲ. ಪೆಟ್ಟು ಬಿದ್ದದ್ದು ತಡವಾದ ಅರ್ಜಿಗೆ, ಹಕ್ಕಿಗಲ್ಲ. ಪಹಣಿ, ಸಾಗುವಳಿ ಚೀಟಿ ಹುಡುಕಿಟ್ಟುಕೊಂಡು ಬೇಗ ಅರ್ಜಿ ಹಾಕುವುದು ಒಂದು ಕೆಲಸ. ಕಾಯ್ದೆಯನ್ನೇ ಸರಿಪಡಿಸಿ ಎಂದು ಬೀದಿಯಲ್ಲಿ ಕೂರುವುದು ಇನ್ನೊಂದು ಕೆಲಸ. ನಮ್ಮ ಜನ ಕೂತರು. 2023ರಲ್ಲಿ ಗಡುವು ಇಲ್ಲ ಎಂಬ ತಿದ್ದುಪಡಿ ಬಂತು. ಆ ಬಳಿಕವೂ ಕೋರ್ಟಿನಲ್ಲಿ ವಾದ ನಡೆಯಿತು. ಹಾಗಾಗಿ ಎರಡೂ ಕೆಲಸ ಮುಂದುವರಿಯಬೇಕು.

ಮುಂದಿನ ಭಾನುವಾರ ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಸರಿ ಮಗ. ಒಲೆ ಉರೀಬೇಕಲ್ಲ, ಮೊಂಡು ಕತ್ತೀಲೂ ಕಡಿಯಾಣ. ಆದ್ರೆ ಸಾಣೆ ಕಲ್ಲು ಎಲ್ಲೈತೆ ಅಂತ ಕೇಳೋದು ಬಿಡಬಾರ್ದು."

ಹುಡುಗ ಆ ಸಾಗಟ್‌ನ ಹಳೇ ಆಟದ ಚಿತ್ರ ತೋರಿಸಿದ. 1991ರ ಆ ಆಟದಲ್ಲಿ ಅವನು ಕಾದಾಡುವ ಜಾಗದ ಹಿಂದೆ ಬುದ್ಧರು ಬಲಗೈಗೆ ತಲೆಯಿಟ್ಟು ಮಲಗಿದ ದೊಡ್ಡ ಮೂರ್ತಿ. ಅದು ಪರಿನಿಬ್ಬಾಣದ ನೆನಪು. ಎಂಬತ್ತು ವರ್ಷದ ಆ ಕುಗ್ಗಿದ ದೇಹದಿಂದಲೂ ತಥಾಗತರು ಕೊನೆಗೆ ಹೇಳಿದ್ದು ಅಪ್ಪಮಾದದ ಬಗ್ಗೆ: ಎಚ್ಚರ ತಪ್ಪಬೇಡಿ, ಪ್ರಯತ್ನ ಬಿಡಬೇಡಿ ಎಂದು.

*ಇಂದಿನ ಅಭ್ಯಾಸ*
ನಿಮ್ಮ ಬದುಕಿನಲ್ಲಿ ಬಲ ತಗ್ಗಿದ ಒಂದನ್ನು ನೆನೆಯಿರಿ. ಆರೋಗ್ಯವಿರಬಹುದು, ಕೆಲಸವಿರಬಹುದು, ಹಕ್ಕಿರಬಹುದು. ಐದು ನಿಮಿಷ ಉಸಿರು ಗಮನಿಸಿ, ಆಮೇಲೆ ಕೇಳಿಕೊಳ್ಳಿ:
1. ನಿಜಕ್ಕೂ ಕಳೆದದ್ದು ಎಷ್ಟು?
2. ಉಳಿದದ್ದರಿಂದ ಇವತ್ತು ಏನು ಮಾಡಬಲ್ಲೆ?
3. ಇದನ್ನು ತಗ್ಗಿಸಿದ್ದು ಕಾಲವೋ, ಮನುಷ್ಯರ ಕೈಯೋ? ಕೈಯಾದರೆ, ಯಾರ ಜೊತೆ ಸೇರಿ ಮರಳಿ ಕೇಳಲಿ?

ಎರಡನೆಯದನ್ನು ಬಿಟ್ಟರೆ ಸಿಟ್ಟು ಮಾತ್ರ ಉಳಿಯುತ್ತದೆ. ಮೂರನೆಯದನ್ನು ಬಿಟ್ಟರೆ ಗುಲಾಮಗಿರಿ ಉಳಿಯುತ್ತದೆ.

ಸಬ್ಬೇ ಸತ್ತಾ ಸುಖಿತಾ ಹೋಂತು 🙏
ಜೈ ಭೀಮ್