ತಮಟೆ ಯಾರದು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಮಗೆ ಜಾತ್ರೆ ಅಂದರೆ ಎರಡು. ಹಗಲು ದೇವರ ಮುಂದೆ ಸೋಮನ ಕುಣಿತ, ನಮ್ಮ ಕೇರಿಯವರ ತಮಟೆ. ರಾತ್ರಿ ಟೆಂಟಿನಲ್ಲಿ ಸಿನಿಮಾ. ತೋಟದಲ್ಲಿ ಕಾಯಿ ಸುಲಿದ ಕೈಯೇ ಸಂಜೆ ತಮಟೆಯನ್ನು ಬೆಂಕಿಗೆ ಕಾಯಿಸಿ ಬಡೀತಿತ್ತು. ದೇವರು ಗುಡಿಯೊಳಕ್ಕೆ ಹೋಗುತ್ತಿತ್ತು, ತಮಟೆ ಹೊರಗೇ ನಿಲ್ಲುತ್ತಿತ್ತು. ರಾತ್ರಿ ಪರದೆಯ ಮೇಲೆ ಅದೇ ಪೆಟ್ಟು. ಕುಣಿಯೋನು ಮಾತ್ರ ಊರಗೌಡನ ಮಗನ ವೇಷದ ಹೀರೋ. ಹಿಂದೆ ತೆಂಗಿನ ತೋಟ, ಅದರಲ್ಲಿ ಕಾಯಿ ಸುಲಿಯೋರು ಒಬ್ಬರೂ ಇಲ್ಲ. ನಾವೂ ಸಿಳ್ಳೆ ಹೊಡೆದೆವು, ಸುಳ್ಳು ಯಾಕೆ ಹೇಳಬೇಕು.

1996ರಲ್ಲಿ ನಾಗಾಭರಣರ 'ಜನುಮದ ಜೋಡಿ' ಬಂದಾಗ ಇದೇ ಕನ್ನಡದ ಮಣ್ಣಿನ ವಾಸನೆ ಅಂದರು. ಕಥೆ ಗುಜರಾತಿನ ಪನ್ನಾಲಾಲ್ ಪಟೇಲರ ಕಾದಂಬರಿಯದು. ಇರಲಿ, ಜಾತಿ ಅಡ್ಡಬಂದ ಪ್ರೀತಿ ಅಲ್ಲಿಯದೂ ಹೌದು, ಇಲ್ಲಿಯದೂ ಹೌದು. ಅದರ 'ಕೋಲುಮಂಡೆ ಜಂಗಮ' ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ಚೆನ್ನಾಗಿಯೇ ಹಾಡಿದ್ದಾರೆ. ಆದರೆ ಮಾದಪ್ಪನ ಪದವನ್ನು ತಲೆತಲಾಂತರ ಬಾಯಲ್ಲಿ ಉಳಿಸಿದ ಗುಡ್ಡರು? ಇಂಥ ಹಾಡಿನ ಕ್ಯಾಸೆಟ್ಟುಗಳ ಮೇಲೆ 'ಸಾಹಿತ್ಯ: ಜನಪದ' ಅಂತ ಅಚ್ಚಾಗುತ್ತಿತ್ತು. ಈ ಜನಪದ ಅನ್ನೋನು ಯಾವ ಕೇರಿಯವನು?

ಈ ಆಟ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಫ್ರಾಂಕೋ ಆಳಿದ ಸ್ಪೇನಿನಲ್ಲಿ ಆಂಡಲೂಸಿಯಾದ, ಅದರಲ್ಲೂ ಜಿಪ್ಸಿಗಳ ಹಾಡು ಕುಣಿತವೇ ಇಡೀ ದೇಶದ ಗುರುತು ಅಂತ ಸಿನಿಮಾಗಳು ಸಾರಿದವು. ಅದೇ ಕಾಲಕ್ಕೆ, 1943ರ ಪೊಲೀಸ್ ನಿಯಮದಲ್ಲಿ ಜಿಪ್ಸಿಗಳ ಮೇಲೆ ಕಣ್ಣಿಡಬೇಕೆಂದು ಬರೆದಿತ್ತು. 1953ರಲ್ಲಿ ಬೆರ್ಲಾಂಗಾ ಎಂಬಾತ ಇದನ್ನೇ ಗೇಲಿ ಮಾಡಿ ಸಿನಿಮಾ ತೆಗೆದ. ಅಮೆರಿಕದವರು ಬರ್ತಾರೆ, ದುಡ್ಡು ಕೊಡ್ತಾರೆ ಅಂತ ಒಂದು ಬಡ ಹಳ್ಳಿ ತನ್ನದಲ್ಲದ ಆಂಡಲೂಸಿಯಾ ವೇಷ ಹಾಕಿ ನಿಲ್ಲುತ್ತದೆ. ಕಾರುಗಳು ನಿಲ್ಲದೆ ಹೋಗಿಬಿಡುತ್ತವೆ.

ಹಾಡು ತಗೊಂಡದ್ದು ತಪ್ಪಲ್ಲ ಗೆಳೆಯರೇ. ಹಾಡು 'ನಮ್ಮೆಲ್ಲರದು' ಅಂದವರು ಬಾವಿಯನ್ನೂ ತೋಟವನ್ನೂ ಹಾಗನ್ನಲಿಲ್ಲವಲ್ಲ, ಅದು ನಮ್ಮ ತಕರಾರು. 1975ರ 'ಚೋಮನ ದುಡಿ'ಯಲ್ಲಿ ಬಿ.ವಿ. ಕಾರಂತರು ದುಡಿಯನ್ನು ಅಲಂಕಾರ ಮಾಡಲಿಲ್ಲ. ಬೇಸಾಯಕ್ಕೆ ಭೂಮಿ ಸಿಗದವನ ಸಂಕಟ ಅದರಲ್ಲಿ ಕೇಳುತ್ತದೆ.

ಇನ್ನು ನಮ್ಮ ಮನೆಯ ಮಾತು. ಹೆಣದ ಮುಂದೆ ಬಿಟ್ಟಿ ಬಡಿಯೋದು ಬಿಡಿ ಅಂದೋರು ನಾವೇ, ಅದೇ ತಮಟೆ ಹಿಡಿದು ದಲಿತ ಸಂಘರ್ಷ ಸಮಿತಿಯ ಜಾಥಾ ಹೊರಟೋರೂ ನಾವೇ. 2022ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂದಾಗ ಹಿಗ್ಗಿದೆವು. ಆದರೂ ಬಿಟ್ಟವನನ್ನು ಮತ್ತೆ ಹಿಡಿ ಅನ್ನೋ ಹಕ್ಕು ನಮಗಿದೆಯೇ?

ನಮ್ಮ ಕೇರಿಯ ತಾತ ಒಬ್ಬ ತಮಟೆಯನ್ನು ಅಟ್ಟಕ್ಕೆ ಎಸೆದು ಎಷ್ಟೋ ವರ್ಷ. ಕಾಲೇಜಿನ ಕಾರ್ಯಕ್ರಮಕ್ಕೆ ಬೇಕು ಅಂತ ಮೊಮ್ಮಗ ಕೇಳಿದ. "ನೀನೇ ಹತ್ತಿ ಇಳಿಸ್ಕೋ ಮಗಾ" ಅಂದ. ತಾನು ಮುಟ್ಟಲಿಲ್ಲ. ಹುಡುಗ ಬೆಂಕಿ ಹಾಕಿದಾಗ ಜಗಲಿ ಮೇಲಿಂದಲೇ, "ಅಷ್ಟು ಹತ್ತಿರ ಹಿಡೀಬೇಡ, ಚರ್ಮ ಸುಟ್ಟೋಯ್ತದೆ" ಅಂತ ಕೂಗಿದ.