ಮೌನ ಸಮ್ಮತಿಯೆ?

ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತಿನ ಹಳ್ಳಿಗಳಲ್ಲಿ ‘ದೈವ’ ಎಂಬ ಮಾತಿಗೆ ದೇವರೆಂಬುದೊಂದೇ ಅರ್ಥವಲ್ಲ. ಒಂದೆಡೆ ಕೂಡಿದ ಊರ ಹಿರಿಯರಿಗೂ ದೈವವೆಂದೇ ಹೆಸರು. ‘ನಾಳೆ ದೈವ ಕೂಡತೈತಿ’ ಎಂದರೆ ಯಾರೂ ಮುಗಿಲ ಕಡೆಗೆ ನೋಡುವುದಿಲ್ಲ, ಗುಡಿಯ ಕಟ್ಟೆಯ ಕಡೆಗೆ ನೋಡುತ್ತಾರೆ. ಮೈಸೂರು ಕಡೆಯ ಗೆಳೆಯರೊಬ್ಬರು ಇದನ್ನು ಕೇಳಿ ನಕ್ಕರು. ನನಗೆ ನಗೆ ಬರಲಿಲ್ಲ. ಹತ್ತು ಜನ ಕೂಡಿ ಆಡಿದ ಮಾತಿನಲ್ಲಿ ಅವರೊಬ್ಬೊಬ್ಬರಲ್ಲೂ ಇಲ್ಲದ ಏನೋ ಒಂದು ಇಳಿದು ಬರುತ್ತದೆಂಬ ನಂಬಿಕೆ ಆ ಶಬ್ದದಲ್ಲಿದೆ. ಅದು ಸಣ್ಣ ನಂಬಿಕೆಯಲ್ಲ.

ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಜಾತ್ರೆಯ ದಿನ, ಎಲ್ಲವೂ ಆ ಕಟ್ಟೆಗೆ ಬರುತ್ತಿದ್ದುವು. ಕಾಗದವಿಲ್ಲ, ಮಸಿಯಿಲ್ಲ. ಹಿಂದೆ ಇಂಥದೇ ವ್ಯಾಜ್ಯ ಯಾರ ಮನೆಯಲ್ಲಿ, ಯಾವ ಬರಗಾಲದ ವರ್ಷ ಬಂದಿತ್ತು, ಆಗ ಏನು ಹೇಳಿದ್ದರು ಎಂಬುದನ್ನು ನೆನಪಿನಿಂದ ತೆಗೆದು ಹೇಳುವ ಮುದುಕನೊಬ್ಬ ಇದ್ದರಾಯಿತು. ಕೊನೆಗೆ ಹಿರಿಯನು ‘ಏನಂತೀರಿ?’ ಎಂದು ಸುತ್ತಲೂ ನೋಡುವನು. ನಾಲ್ವರು ಹೌದೆನ್ನುವರು, ಉಳಿದವರು ಸುಮ್ಮನಿರುವರು. ‘ದೈವ ಒಪ್ಪಿತು.’ ನ್ಯಾಯಾಲಯದ ಮೆಟ್ಟಿಲೇರಿ ಎರಡು ತಲೆಮಾರು ಸವೆಸಿದ ಮನೆಗಳನ್ನು ಬಲ್ಲವರು ಇದನ್ನು ಹಗುರಾಗಿ ಕಾಣಲಾರರು.

ಆದರೆ ಆ ಸುಮ್ಮನಿದ್ದವರ ಮಾತೇನು?

ನನಗೆ ಆಗ ಹನ್ನೆರಡು ವರ್ಷ. ನನ್ನ ಅಜ್ಜನೂ ದೈವದಲ್ಲಿ ಒಬ್ಬ. ಗಂಡ ತೀರಿದ ಹೆಂಗಸೊಬ್ಬಳ ಹೊಲದ ಪಾಲು ಅಂದಿನ ವಿಷಯ. ಪಾಲಿಗೆ ಬದಲಾಗಿ ಮೈದುನನು ವರುಷಕ್ಕಿಷ್ಟು ಜೋಳ ಅಳೆಯಬೇಕೆಂದು ಮಾತಾಯಿತು. ಆಕೆ ಕಂಬದ ಹಿಂದೆ, ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ನಿಂತಿದ್ದಳು. ‘ಏನಂತೀಯವ್ವಾ?’ ಎಂದು ಕೇಳಿದರು. ಕೇಳಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆಕೆ ಮಾತಾಡಲಿಲ್ಲ. ದೈವ ಒಪ್ಪಿತು. ಎಷ್ಟೋ ವರುಷದ ಮೇಲೆ ಆಕೆ ನನ್ನ ತಾಯಿಯ ಮುಂದೆ ಆಡಿದ ಮಾತು ಇದು: ‘ನಾ ಇನ್ನೂ ಮಾತು ಹೊಂದಿಸ್ಕೊಳ್ಳಾಕತ್ತಿದ್ನೆವ್ವಾ, ಅಷ್ಟರಾಗ ಎದ್ದಬಿಟ್ರು.’

ಉತ್ತರ ಅಮೆರಿಕದ ಮೂಲನಿವಾಸಿಗಳಾದ ಇರೊಕ್ವಾಯ್ ಜನರ ಸಭೆಗಳ ವಿಷಯ ಓದುವಾಗ ಈ ಮಾತು ಮತ್ತೆ ನೆನಪಾಯಿತು. ತಮ್ಮನ್ನು ‘ಉದ್ದಮನೆಯ ಜನ’ವೆಂದು ಕರೆದುಕೊಳ್ಳುವ ಅವರದು ಮೊದಲು ಐದು ಕುಲಗಳ ಕೂಟ: ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಟಸ್ಕರೋರ ಕುಲದವರು ಆರನೆಯವರಾಗಿ ಸೇರಿದರು. ತಮ್ಮೊಳಗಿನ ಹಗೆತನವನ್ನು ನಿಲ್ಲಿಸಿದ ‘ಮಹಾಶಾಂತಿಯ ಕಟ್ಟಳೆ’ಯನ್ನು ಶತಮಾನಗಳ ಕಾಲ ಬಾಯಿಂದ ಬಾಯಿಗೆ ಕಾಯ್ದುಕೊಂಡು ಬಂದರು, ನೆನಪಿಗೆ ಆಸರೆಯಾಗಿ ಚಿಪ್ಪಿನ ಮಣಿಗಳ ಪಟ್ಟಿಗಳಿದ್ದುವು. ಅಲ್ಲಿಯೂ ಬಹುಮತದ ಎಣಿಕೆಯಿಲ್ಲ, ಎಲ್ಲರೂ ಒಪ್ಪಬೇಕು. ಮುಖಂಡನನ್ನು ಆರಿಸುವವರು ಮಾತ್ರ ಕುಲದ ಹಿರಿಯ ಹೆಂಗಸರು. ಜಿಂಕೆಯ ಕೊಂಬು ಅವನ ಅಧಿಕಾರದ ಗುರುತು. ಅವನು ದಾರಿ ತಪ್ಪಿದರೆ ಎಚ್ಚರಿಸಿ, ಕೊನೆಗೆ ಕೊಂಬು ಇಳಿಸುವವರೂ ಅವರೇ.

ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಆ ಕಡೆಯ ಮೂಲನಿವಾಸಿಗಳ ಸಭೆಯ ಸಣ್ಣದೊಂದು ಪದ್ಧತಿಯನ್ನು ಹೇಳಿದ್ದಾನೆ. ಮಾತಾಡಿದವನು ಕುಳಿತ ಮೇಲೆ ಐದಾರು ನಿಮಿಷ ಯಾರೂ ತುಟಿ ಬಿಚ್ಚುವುದಿಲ್ಲವಂತೆ. ಹೇಳಬೇಕಾದದ್ದು ಏನಾದರೂ ಮರೆತಿದ್ದರೆ, ಇನ್ನೊಂದು ಮಾತು ಕೂಡಿಸಬೇಕೆನಿಸಿದರೆ, ಅವನು ಮತ್ತೆ ಎದ್ದು ಹೇಳಲಿ ಎಂದು. ಬ್ರಿಟಿಷ್ ಕಾಮನ್ಸ್ ಸಭೆಯ ಗದ್ದಲವನ್ನು ಇದರ ಪಕ್ಕದಲ್ಲಿಟ್ಟು ಆತ ನಗುತ್ತಾನೆ. ನಮ್ಮ ವಿಧಾನಸಭೆಯ ಹೆಸರನ್ನು ನಾನು ಎತ್ತುವುದಿಲ್ಲ.

ಆ ಜನರನ್ನು ದೇವತೆಗಳೆಂದು ಬಗೆಯಬೇಕಾಗಿಲ್ಲ. ನೆರೆಯ ಕುಲಗಳ ಮೇಲೆ ಅವರು ಕ್ರೂರವಾಗಿಯೇ ಯುದ್ಧ ಮಾಡಿದರು. ಅಮೆರಿಕದ ಸ್ವಾತಂತ್ರ್ಯಸಮರ ಬಂದಾಗ ಒಮ್ಮತ ಮುರಿದು ಒಬ್ಬರಿಗೊಬ್ಬರು ಎದುರಾಳಿಗಳಾದರು. ಆದರೂ ಮಾತಾಡುವವನಿಗಾಗಿ ಮೌನವನ್ನು ಕಾದಿಡುವ ಆ ಐದಾರು ನಿಮಿಷ ನನ್ನನ್ನು ಬಿಡುತ್ತಿಲ್ಲ.

ನಮ್ಮಲ್ಲಿ ಅಂಥ ಮೌನವಿಲ್ಲವೆಂದಲ್ಲ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲನೇರಿ ‘ಸದ್ದಲೇ’ ಎಂದು ಕೂಗಿದರೆ ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಬರುವುದು ಒಂದೇ ಒಂದು ಮಾತು. ರೈತ ಅದರಲ್ಲಿ ಮಳೆ ಕಾಣುತ್ತಾನೆ, ಬ್ಯಾಡಗಿಯ ವ್ಯಾಪಾರಿ ಮೆಣಸಿನಕಾಯಿಯ ದರ, ರಾಜಕಾರಣಿ ಕುರ್ಚಿ. ಅಲ್ಲಿ ಸುಮ್ಮನಿದ್ದವರು ಕೇಳುವುದಕ್ಕಾಗಿ ಸುಮ್ಮನಿದ್ದರು. ಅರ್ಥ ಮಾಡುವ ಹಕ್ಕನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಕಟ್ಟೆಯ ಮೇಲೆ ಮಾತ್ರ ಸುಮ್ಮನಿದ್ದವಳ ಮೌನಕ್ಕೆ ಅರ್ಥ ಹೇಳಿದವರು ಬೇರೆಯವರು.

ಈಗ ಕಾಗದ ಬಂದಿದೆ. ಕರ್ನಾಟಕದ ಪಂಚಾಯಿತಿಗಳಲ್ಲಿ 2010ರ ತಿದ್ದುಪಡಿಯಿಂದ ಅರ್ಧದಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲು. ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಎಂದು ಬರೆಯುತ್ತಾರೆ. ಆ ಶಬ್ದ ಕಂಡಾಗಲೆಲ್ಲ ನನ್ನ ಕಣ್ಣು ಕಂಬದ ಕಡೆಗೆ ಹೋಗುತ್ತದೆ.

ಆಕೆಯ ಮಾತನ್ನು ತಾಯಿಯಿಂದ ಕೇಳಿದ ವರುಷವೇ ಅಜ್ಜನ ಮುಂದೆ ಎತ್ತಿದೆ. ಆತ ಪ್ರಾಮಾಣಿಕ, ಯಾರ ಒಂದು ಸೇರು ಜೋಳವನ್ನೂ ಮುಟ್ಟಿದವನಲ್ಲ. ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆಯೆತ್ತಿ ನಿಜವಾದ ಅಚ್ಚರಿಯಿಂದಲೇ ಕೇಳಿದ: ‘ಅಕೀಗೆ ಮಾತಾಡಬ್ಯಾಡ ಅಂದವರು ಯಾರು?’