ಮುಖಕ್ಕೆ ಬಡಿಯುವ ಗಾಳಿ ಯಾರದು?

ಯೋಹಾನನ ಸುವಾರ್ತೆ ಮೂರನೇ ಅಧ್ಯಾಯ, ಎಂಟನೇ ವಚನ ತೆಗೆಯಿರಿ. ರಾತ್ರಿ ಹೊತ್ತು ಬಂದ ನಿಕೊದೇಮನಿಗೆ ಕರ್ತನು ಗಾಳಿಯ ಉದಾಹರಣೆ ಕೊಡ್ತಾನೆ. ಮೂಲ ಗ್ರೀಕ್‌ನಲ್ಲಿ ಗಾಳಿಗೂ ಆತ್ಮಕ್ಕೂ ಒಂದೇ ಪದ, ನ್ಯೂಮಾ. ಹಾಗಾಗಿ ಪವಿತ್ರಾತ್ಮನ ನಡೆಸುವಿಕೆಯ ಬಗ್ಗೆ ಮಾತಾಡುವಾಗ, ಗಾಳಿಯ ಜೊತೆಗೇ ಬದುಕುವ ಜನರ ಹತ್ತಿರ ಸ್ವಲ್ಪ ಕಲಿಯೋಣ.

ಯೂತ್ ಮೀಟಿಂಗ್ ಮುಗಿದ ಮೇಲೆ ನಿಮ್ಮಲ್ಲಿ ಅನೇಕರು ಬಂದು ಒಂದೇ ಪ್ರಶ್ನೆ ಕೇಳ್ತೀರಿ. "ಪಾಸ್ಟರ್, ಆರಾಧನೆಯಲ್ಲಿ ನನಗೆ ಆದದ್ದು ದೇವರಿಂದಲೋ, ನನ್ನೊಳಗಿಂದಲೋ?" ಇದು ಸಣ್ಣ ಪ್ರಶ್ನೆ ಅಲ್ಲ. ಒಬ್ಬರು ಆ ಅನುಭವದ ಮೇಲೆ ಕೆಲಸ ಬಿಡೋಕೆ ಹೊರಟಿದ್ದಾರೆ. ಇನ್ನೊಬ್ಬರು ಮದುವೆಗೆ ಹೂಂ ಅನ್ನೋಕೆ. ಮತ್ತೊಬ್ಬರಿಗೆ ಆಫೀಸಿನ ಸ್ನೇಹಿತ ಹೇಳಿದ್ದಾನೆ, "ಅದೆಲ್ಲ ಡ್ರಮ್ಸ್, ಲೈಟು, ಜನಜಂಗುಳಿ ಮಾಡೋ ಕೆಲಸ ಕಣೋ" ಅಂತ.

ಬೆಳಗ್ಗೆ ಒಂದು ಎಲೆಯೂ ಅಲುಗಾಡದ ಹೊತ್ತಲ್ಲಿ ಸ್ಕೂಟರ್ ತೆಗೀರಿ. ಗಂಟೆಗೆ ನಲವತ್ತು ಕಿಲೋಮೀಟರ್ ಹೋದರೆ ಮುಖಕ್ಕೆ ಗಾಳಿ ರಪ್ ಅಂತ ಬಡಿಯುತ್ತೆ. ಆ ಗಾಳಿ ಯಾರದು? ಪೂರ್ತಿ ನಿಮ್ಮದೇ. ಈಗ ಹಾಯಿದೋಣಿಗೆ ಬನ್ನಿ. ಅಲ್ಲಿ ಸಮುದ್ರದ ಮೇಲೆ ಬೀಸುವ ನಿಜವಾದ ಗಾಳಿಯೂ ಇದೆ, ದೋಣಿಯ ಓಟದಿಂದ ಹುಟ್ಟುವ ಗಾಳಿಯೂ ಇದೆ. ಎರಡೂ ಕೂಡಿ ನಾವಿಕನ ಕೆನ್ನೆಗೆ ತಾಗುವುದಕ್ಕೆ ಅಪೆರೆಂಟ್ ವಿಂಡ್ ಅಂತಾರೆ. ನಾವು ತೋರುಗಾಳಿ ಅನ್ನೋಣ. ಕೆನ್ನೆಗೆ ಎರಡನ್ನೂ ಬೇರೆ ಮಾಡೋಕೆ ಬರಲ್ಲ. ಹಾಯಿಗೂ ಬರಲ್ಲ.

ಇದು ಅತಿ ಹೆಚ್ಚು ಕಾಣುವುದು ಕ್ಯಾಟಮರಾನ್ ಮೇಲೆ. ಹೆಸರು ತಮಿಳಿನ ಕಟ್ಟುಮರಂ ಇಂದ ಬಂದದ್ದು, ಆದರೆ ಈಗಿನದು ಎರಡು ತೆಳು ಒಡಲುಗಳ ಹಗುರ ದೋಣಿ, ಬಹಳ ವೇಗ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಅಮೆರಿಕಾಸ್ ಕಪ್‌ಗೆ ಓಡಿದ ಕ್ಯಾಟಮರಾನ್‌ಗಳು 40 ನಾಟ್ ದಾಟಿದವು, ಅಂದರೆ ಗಂಟೆಗೆ ಸುಮಾರು 74 ಕಿಲೋಮೀಟರ್. ಬೀಸುತ್ತಿದ್ದ ಗಾಳಿಯ ವೇಗ ಅದರ ಅರ್ಧದ ಆಸುಪಾಸು. ಗಾಳಿಗಿಂತ ವೇಗವಾಗಿ ಗಾಳಿಯಿಂದಲೇ ಓಡೋದು!

ಒಂದು ಲೆಕ್ಕ ಹೇಳ್ತೀನಿ, ಗಮನವಿಟ್ಟು ಕೇಳಿ. ಗಾಳಿ 12 ನಾಟ್, ದೋಣಿಯ ಹಿಂಭಾಗದ ಮೂಲೆಯಿಂದ ಬೀಸ್ತಾ ಇದೆ, ಮೂತಿಯಿಂದ 135 ಡಿಗ್ರಿ. ದೋಣಿಯೂ 12 ನಾಟ್ ಓಡ್ತಾ ಇದೆ. ಆಗ ತೋರುಗಾಳಿ ಬರೋದು ಮೂತಿಯಿಂದ ಸುಮಾರು 67 ಡಿಗ್ರಿಯಲ್ಲಿ, 9 ನಾಟ್ ವೇಗದಲ್ಲಿ. ಅಂದರೆ ಹಿಂದಿನಿಂದ ತಳ್ಳುತ್ತಿರುವ ಗಾಳಿ ಮುಂದಿನ ಪಕ್ಕದಿಂದ ಎದುರಾಗುವ ಹಾಗೆ ಅನಿಸುತ್ತೆ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಇದೇ. ನಾವು ಪೆಂತೆಕೊಸ್ತಿನವರು ಎದುರುಗಾಳಿ ತಾಗಿದ ಕೂಡಲೇ "ಶತ್ರುವಿನ ಹೋರಾಟ" ಅಂತೀವಿ. ಶತ್ರು ಇದ್ದಾನೆ, ನಾನು ಅಲ್ಲಗಳೆಯಲ್ಲ. ಆದರೆ ವಾರಕ್ಕೆ ಐದು ದಿನ ಆಫೀಸು, ಎರಡು ರಾತ್ರಿ ಪ್ರಾಕ್ಟೀಸು, ಶನಿವಾರ ಸುವಾರ್ತೆ, ಭಾನುವಾರ ಮೂರು ಸರ್ವಿಸ್ ಓಡುವವರಿಗೆ ಬಡಿಯುವ ಎದುರುಗಾಳಿಯಲ್ಲಿ ಎಷ್ಟು ಪಾಲು ಅವರ ಓಟದ್ದು? ದೇವರು ಹಿಂದಿನಿಂದ ತಳ್ಳುತ್ತಲೇ ಇರಬಹುದು. ಇದರ ಇನ್ನೊಂದು ಮುಖವೂ ಇದೆ. 12 ನಾಟ್ ಗಾಳಿಯ ನೇರ ದಿಕ್ಕಿನಲ್ಲೇ 8 ನಾಟ್ ಹೋದರೆ ಕೆನ್ನೆಗೆ ತಾಗೋದು ಬರೀ 4. ಗಾಳಿಯೇ ಇಲ್ಲ ಅನಿಸುತ್ತೆ. "ಪಾಸ್ಟರ್, ಈಗ ದೇವರು ನನ್ನ ಸಂಗಡ ಮಾತಾಡೋದೇ ಇಲ್ಲ" ಅಂತ ಅಳುವವರಲ್ಲಿ ಕೆಲವರು ಆತನ ಜೊತೆಯಲ್ಲೇ ನಡೆಯುತ್ತಿರುವವರು.

ಈಗ ಆ ಆಫೀಸಿನ ಸ್ನೇಹಿತನ ಮಾತು. ಅವನು ಅರ್ಧ ಸರಿ. ಆರಾಧನೆಯಲ್ಲಿ ನಿಮ್ಮ ಭಾವನೆ, ಸಂಗೀತ, ಪಕ್ಕದವರ ಕಣ್ಣೀರು ಎಲ್ಲ ಸೇರಿರುತ್ತೆ. ಬೆರಕೆ ಇದೆ ಅಂದ ಮಾತ್ರಕ್ಕೆ ಸುಳ್ಳು ಅಂತ ಆಗಲ್ಲ. ನಾವಿಕ ತೋರುಗಾಳಿಯನ್ನು ಸುಳ್ಳು ಅಂತ ಬಿಸಾಡಲ್ಲ, ಹಾಯಿ ಕಟ್ಟೋದೇ ಅದಕ್ಕೆ. ಅಲ್ಲದೆ ಬರೀ ಸ್ವಂತ ಓಟದ ಗಾಳಿ ಯಾವ ದೋಣಿಯನ್ನೂ ಮುಂದೆ ಒಯ್ಯಲ್ಲ, ಸ್ಕೂಟರಿನ ಗಾಳಿಯ ಹಾಗೆ ಅದು ಹಿಂದಕ್ಕೇ ತಳ್ಳುತ್ತೆ. ಇಂಜಿನ್ ಇಲ್ಲದೆ ದೋಣಿ ಸಾಗ್ತಾ ಇದೆ ಅಂದರೆ ಎಲ್ಲೋ ನಿಜಗಾಳಿ ಇದ್ದೇ ಇದೆ. ಕೀಬೋರ್ಡ್ ನಿಂತ ಮೇಲೆ, ಮಂಗಳವಾರ, ಮನೆಯಲ್ಲಿ ಅಮ್ಮನ ಜೊತೆ ನೀವು ಮಾತಾಡುವ ರೀತಿ ಬದಲಾಗಿದೆಯಾ? ಹಾಗಾದರೆ ಅದನ್ನು ಡ್ರಮ್ಸ್ ಮಾಡಿಲ್ಲ.

ಆದರೂ ಎಷ್ಟು ಆತನದು, ಎಷ್ಟು ನನ್ನದು ಅಂತ ತಿಳಿಯಬೇಕಲ್ಲ? ಇಲ್ಲಿ ಸ್ಪಿನೇಕರ್ ಹಿಡಿಯುವವರನ್ನು ನೋಡಿ. ಸ್ಪಿನೇಕರ್ ಅಂದರೆ ಹಿಂಗಾಳಿಗೆ ದೋಣಿಯ ಮುಂದೆ ಬಿಚ್ಚುವ, ಬಲೂನಿನಂತೆ ಉಬ್ಬುವ ದೊಡ್ಡ ತೆಳು ಹಾಯಿ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಬಂದ ನಾಕ್ರಾ 17 ಕ್ಯಾಟಮರಾನ್‌ನಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ. ಒಬ್ಬರ ಕೈಯಲ್ಲಿ ಚುಕ್ಕಾಣಿ, ಇನ್ನೊಬ್ಬರ ಕೈಯಲ್ಲಿ ಈ ಜಾತಿಯ ಹಾಯಿಯ ಶೀಟ್. (ಶೀಟ್ ಅಂದರೆ ಬಟ್ಟೆಯಲ್ಲ, ಹಗ್ಗ. ನಾವಿಕರ ಭಾಷೆಯೇ ಹಾಗೆ.) ಹಗ್ಗ ಬಿಗಿಯಾಗಿ ಎಳೆದರೆ ಹಾಯಿ ತುಂಬಿ ನಿಲ್ಲುತ್ತೆ, ಸುಕ್ಕಿಲ್ಲ, ಸದ್ದಿಲ್ಲ, ನೋಡೋಕೆ ಚೆಂದ. ದೋಣಿ ಮಾತ್ರ ನಿಧಾನ ಆಗುತ್ತೆ. ಯಾಕಂದ್ರೆ ಗಾಳಿ ಹಾಯಿಯ ಮೈಮೇಲೆ ಹರಿಯೋದು ನಿಂತಿರುತ್ತೆ. ಬಲ್ಲವರು ಹಗ್ಗ ಸಡಿಲಿಸ್ತಾರೆ, ಸಡಿಲಿಸ್ತಾರೆ, ಹಾಯಿಯ ಮುಂದಿನ ಅಂಚು ಸ್ವಲ್ಪ ಮುದುರುವ ತನಕ. ಆಮೇಲೆ ಒಂಚೂರು ಎಳೀತಾರೆ. ಮತ್ತೆ ಸಡಿಲ. ದೋಣಿಯ ವೇಗ ಬದಲಾದ ಹಾಗೆಲ್ಲ ತೋರುಗಾಳಿಯ ದಿಕ್ಕೂ ಬದಲಾಗುತ್ತೆ, ಹಾಗಾಗಿ ಆ ಕೈಗೆ ವಿರಾಮವೇ ಇಲ್ಲ, ಕಣ್ಣು ಆ ಅಂಚಿನ ಮೇಲೇ.

ನಮ್ಮಲ್ಲಿ ಕೆಲವರ ನಿಶ್ಚಯ ಬಿಗಿದು ಎಳೆದ ಹಾಯಿ. "ಕರ್ತನು ಹೇಳಿದ, ಮುಗೀತು, ಪ್ರಶ್ನೆ ಬೇಡ." ಸಾಕ್ಷಿ ಕೇಳೋಕೆ ಚೆಂದ. ಸ್ವಲ್ಪ ಸಡಿಲಿಸಿ. ಹಿರಿಯರು ಪ್ರಶ್ನೆ ಕೇಳಲಿ, ಒಂದು ತಿಂಗಳು ಕಾಯಿರಿ, ಅಂಚು ಎಲ್ಲಿ ನಡುಗುತ್ತೆ ನೋಡಿ. ನಡುಗಿದರೆ ಅಪನಂಬಿಕೆ ಅಂತ ಹೆದರಬೇಡಿ.

ಅಪೊಸ್ತಲರ ಕೃತ್ಯಗಳು ಇಪ್ಪತ್ತೇಳನೇ ಅಧ್ಯಾಯ ಮನೆಗೆ ಹೋಗಿ ಓದಿ. ಹೋಗಬೇಡಿ ಅಂತ ಪೌಲನು ಎಚ್ಚರಿಸಿದ್ದ. ಶತಾಧಿಪತಿ ಹಡಗಿನವರ ಮಾತು ಕೇಳಿದ. ಹೊರಡೋದು ಅಂತ ಹೆಚ್ಚಿನವರು ಮೊದಲೇ ತೀರ್ಮಾನಿಸಿದ್ದರು, ಆಮೇಲೆ ತೆಂಕಣ ಗಾಳಿ ಮೆಲ್ಲಗೆ ಬೀಸಿತು, ಅದನ್ನೇ ಒಪ್ಪಿಗೆ ಅಂದುಕೊಂಡರು. ಗಾಳಿ ನಿಜವೇ. ಅರ್ಥ ಮಾತ್ರ ಅವರದು. ಸ್ವಲ್ಪ ಹೊತ್ತಿಗೇ ಚಂಡಮಾರುತ. ಯಾರ ಪ್ರಾಣವೂ ಹೋಗಲ್ಲ ಅಂತ ದೇವದೂತನ ಮಾತು ಆಮೇಲೆ ಬಂತು. ಬಂದ ಮೇಲೂ ಹದಿನಾಲ್ಕನೇ ರಾತ್ರಿ ನಾವಿಕರು ಗುಂಡು ಇಳಿಸಿ ಆಳ ನೋಡಿದರು: ಇಪ್ಪತ್ತು ಮಾರು, ಮತ್ತೆ ಹದಿನೈದು. ನಾಲ್ಕು ಲಂಗರು ಬಿಟ್ಟರು. ವಾಗ್ದಾನ ಇದೆಯಲ್ಲ, ಅಳೆಯೋದು ಯಾಕೆ ಅಂತ ಪೌಲನು ಬೈಯಲಿಲ್ಲ.

ಓಡುವ ದೋಣಿಯಲ್ಲಿ ಕೂತು ನಿಜಗಾಳಿ ತಿಳಿಯೋಕೆ ನಾವಿಕ ಲಂಗರು ಹಾಕಿ ನಿಂತ ದೋಣಿಯ ಬಾವುಟ ನೋಡ್ತಾನೆ, ದಡದ ಬಾವುಟ ನೋಡ್ತಾನೆ. ಇಲ್ಲವಾದರೆ ತನ್ನ ವೇಗ ಎಷ್ಟು ಅಂತ ತಿಳಿದು ಅದನ್ನು ಕಳೀತಾನೆ. ನಿಮಗೆ ಲಂಗರು ಯಾವುದು ಅಂತ ನಾನು ಹೇಳಬೇಕಾಗಿಲ್ಲ, ವಾಕ್ಯ ನಿಮ್ಮ ಕೈಯಲ್ಲೇ ಇದೆ. ಆದರೆ ನಿಮ್ಮ ವೇಗ ಎಷ್ಟು ಅಂತ ನೀವೇ ಹೇಳಬೇಕು.

ಆಮೆನ್. ಕೊಯರಿನವರು ಈಗ ಮೇಲೆ ಬರೋದು ಬೇಡ, ಕೀಬೋರ್ಡ್ ಆಫ್ ಇರಲಿ. ಎದ್ದು ನಿಲ್ಲೋದೂ ಬೇಡ, ಇದ್ದಲ್ಲೇ ಕೂತು ಹತ್ತು ನಿಮಿಷ ಸುಮ್ಮನೆ ಪ್ರಾರ್ಥಿಸೋಣ.